ಗ್ರಾಫೈಟಿನಲ್ಲಿ ಎಷ್ಟು ಬೋರಾನ್ ಇದ್ದರೆ ರಿಯಾಕ್ಟರ್ ಹೊತ್ತಿಕೊಳ್ಳಲ್ಲ?

ಸೀಸದಕಡ್ಡಿ
1941ರಲ್ಲಿ ಜರ್ಮನಿಯ ಭೌತವಿಜ್ಞಾನಿ ವಾಲ್ಟರ್ ಬೋಥೆ ರಿಯಾಕ್ಟರಿನಲ್ಲಿ ನ್ಯೂಟ್ರಾನಿನ ವೇಗ ತಗ್ಗಿಸೋಕೆ ಗ್ರಾಫೈಟ್ ಆಗುತ್ತಾ ಅಂತ ಅಳೆದು ನೋಡಿದರು, ಅದು ನ್ಯೂಟ್ರಾನ್ ಜಾಸ್ತಿ ನುಂಗುತ್ತೆ ಅಂತ ಬಂತು, ಜರ್ಮನರು ಅದೇ ಕೆಲಸಕ್ಕೆ ಭಾರಜಲದ ಬೆನ್ನು ಹತ್ತಿದರು. ಅತ್ತ ಅಮೆರಿಕದಲ್ಲಿ ಫರ್ಮಿ, ಸಿಲಾರ್ಡ್ ಗ್ರಾಫೈಟನ್ನೇ ಪೇರಿಸಿ 1942ರ ಡಿಸೆಂಬರ್ 2ಕ್ಕೆ ಶಿಕಾಗೋದಲ್ಲಿ ಮೊದಲ ರಿಯಾಕ್ಟರ್ ಸಿಪಿ-1 ನಡೆಸಿಬಿಟ್ಟರು. ಓದಿದ ಕಡೆಯೆಲ್ಲ ‘ಜರ್ಮನ್ ಗ್ರಾಫೈಟ್ ಶುದ್ಧ ಇರಲಿಲ್ಲ’ ಅನ್ನೋ ಒಂದು ಸಾಲಿಗೆ ಕಥೆ ಮುಗಿಯುತ್ತೆ.

ನನ್ನ ಪ್ರಶ್ನೆ ಎರಡು. ಒಂದು, ಶುದ್ಧ ಇರಲಿಲ್ಲ ಅಂದರೆ ಎಷ್ಟು ಕಲಬೆರಕೆ? ಶೇಕಡಾ ಒಂದಾ, ಅರ್ಧವಾ? ಎರಡು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಎಷ್ಟನೇ ವರಸೆಗೆ ರಾಶಿ ಕ್ರಿಟಿಕಲ್ ಆಗುತ್ತೆ (ಸರಪಳಿ ಕ್ರಿಯೆ ತಾನಾಗೇ ನಡೆಯುತ್ತೆ) ಅಂತ ಮೊದಲೇ ಹೇಗೆ ತಿಳೀತು? ಇಟ್ಟಿಗೆ ಇಡ್ತಾ ಇಡ್ತಾ ತಾನಾಗೇ ಶುರುವಾಗಿಬಿಟ್ಟಿದ್ದರೆ?

ಲೆಕ್ಕದ_ಮೇಷ್ಟ್ರು
ಶೇಕಡಾ ಲೆಕ್ಕ ಬಿಡಿ, ಹತ್ತು ಲಕ್ಷಕ್ಕೆ ಎಷ್ಟು ಅಂತ ಕೇಳಿ.

ನ್ಯೂಟ್ರಾನ್ ನುಂಗುವ ಗುಣಕ್ಕೆ ಬಾರ್ನ್ ಅನ್ನೋ ಅಳತೆ. ಮಂದಗತಿಯ ನ್ಯೂಟ್ರಾನಿಗೆ ಇಂಗಾಲದ್ದು 0.0035 ಬಾರ್ನ್, ಬೋರಾನಿನದು ಸುಮಾರು 760. ಅಂದರೆ ಒಂದೇ ಒಂದು ಬೋರಾನ್ ಪರಮಾಣು ಎರಡು ಲಕ್ಷಕ್ಕೂ ಮೀರಿದ ಇಂಗಾಲದ ಪರಮಾಣುಗಳಷ್ಟು ತಿನ್ನುತ್ತೆ. ಒಂದು ಟನ್ ಗ್ರಾಫೈಟಿನಲ್ಲಿ ಒಂದು ಗ್ರಾಂ ಬೋರಾನ್ ಇದೆ ಅಂತಿಟ್ಟುಕೊಳ್ಳಿ. ಬೋರಾನ್ ಪರಮಾಣು ಇಂಗಾಲಕ್ಕಿಂತ ಸ್ವಲ್ಪ ಹಗುರ, ಹಾಗಾಗಿ ಹತ್ತು ಲಕ್ಷ ಇಂಗಾಲಕ್ಕೆ 1.1 ಬೋರಾನ್. 760ರಿಂದ ಗುಣಿಸಿದರೆ ಇಂಗಾಲದ ಒಂದೊಂದು ಪರಮಾಣುವಿನ ಪಾಲಿಗೆ 0.00085 ಬಾರ್ನ್ ಹೆಚ್ಚುವರಿ. ಅಂದರೆ ಟನ್ನಿಗೆ ಒಂದು ಗ್ರಾಂ ಬಿದ್ದರೆ ಗ್ರಾಫೈಟ್ ನುಂಗೋದು ಹತ್ತಿರ ಹತ್ತಿರ ಕಾಲುಪಾಲು ಏರುತ್ತೆ. ನಾಲ್ಕು ಗ್ರಾಂ ಬಿದ್ದರೆ ದುಪ್ಪಟ್ಟು.

ಅಷ್ಟಕ್ಕೇ ಏನಾಯ್ತು ಅಂತೀರಾ? ಸಹಜ ಯುರೇನಿಯಮ್ಮಿನಲ್ಲಿ ವಿದಳನವಾಗೋ (ಒಡೆದು ಶಕ್ತಿ ಕೊಡೋ) ಯುರೇನಿಯಂ-235 ಇರೋದೇ ಶೇ 0.72. ಗ್ರಾಫೈಟಿನ ಜೊತೆ ಜೋಡಿಸಿದರೆ, ರಾಶಿ ಎಷ್ಟೇ ದೊಡ್ಡದು ಮಾಡಿ, ಒಂದು ತಲೆಮಾರಿನ ನ್ಯೂಟ್ರಾನಿಗೆ ಮುಂದಿನ ತಲೆಮಾರಿನಲ್ಲಿ ಸಿಗೋದು 1.03ರಿಂದ 1.07 ಅಷ್ಟೇ. ಮಂದವಾದ ನ್ಯೂಟ್ರಾನುಗಳಲ್ಲಿ ಹತ್ತಕ್ಕೆ ಒಂದರಷ್ಟನ್ನು ಶುದ್ಧ ಗ್ರಾಫೈಟೇ ತಿನ್ನುತ್ತೆ. ಆ ಪಾಲು ದುಪ್ಪಟ್ಟಾದರೆ ನೂರಕ್ಕೆ ಎಂಟೊಂಬತ್ತು ನ್ಯೂಟ್ರಾನ್ ಹೋಯ್ತು. ನಿಮ್ಮ ಹತ್ತಿರ ಇದ್ದ ಲಾಭವೇ ಮೂರರಿಂದ ಏಳು. ಅಂಗಡಿ ಬಾಗಿಲು ಹಾಕಬೇಕು.

ಹಳೇಬಾಯ್ಲರ್
ಟನ್ನಿಗೆ ನಾಲ್ಕು ಗ್ರಾಂ! ಹುಳಿಗೆ ಹಾಕೋ ಇಂಗಿಗಿಂತ ಕಡಿಮೆ ಆಯ್ತಲ್ಲ ಸಾರ್.

ಕೋಕ್‌ಭಟ್ಟಿ
ಬೋರಾನ್ ಬರೋದೆಲ್ಲಿಂದ ಅಂತಾನೂ ಹೇಳಬೇಕು, ಇಲ್ಲದಿದ್ದರೆ ಯಾರೋ ಬೇಕಂತ ಬೆರೆಸಿದ ಹಾಗೆ ಕೇಳುತ್ತೆ. ಕೃತಕ ಗ್ರಾಫೈಟ್ ಮಾಡೋದು ಕೋಕ್ ಪುಡಿಗೆ ಡಾಂಬರಿನ ಅಂಟು ಕಲೆಸಿ, ಅಚ್ಚು ಹಾಕಿ, ಬೇಯಿಸಿ, ಆಮೇಲೆ ವಿದ್ಯುತ್ ಹಾಯಿಸಿ 2,800 ಡಿಗ್ರಿ ಆಸುಪಾಸಿಗೆ ಕಾಯಿಸಿ. ಕಚ್ಚಾ ಕೋಕಿನ ಬೂದಿಯಲ್ಲಿ ಬೋರಾನ್ ಇದ್ದೇ ಇರುತ್ತೆ. ಆ ಕಾವಿಗೆ ಕಬ್ಬಿಣ, ಸಿಲಿಕಾನ್ ಮುಂತಾದವು ಬಹುಪಾಲು ಆವಿಯಾಗಿ ಹೋಗುತ್ತವೆ. ಬೋರಾನ್ ಮಾತ್ರ ಇಂಗಾಲದ ಜೊತೆ ಕಾರ್ಬೈಡ್ ಆಗಿ ಕಚ್ಚಿಕೊಂಡು ಕೂರುತ್ತೆ, ಸುಲಭಕ್ಕೆ ಬಿಡಲ್ಲ. ಆದ್ದರಿಂದ ಮೊದಲ ದಾರಿ ಬೋರಾನ್ ಕಡಿಮೆ ಇರೋ ಪೆಟ್ರೋಲಿಯಂ ಕೋಕನ್ನೇ ಆರಿಸೋದು. ಎರಡನೇ ದಾರಿ ಬಿಸಿ ಗ್ರಾಫೈಟಿನ ಮೇಲೆ ಕ್ಲೋರಿನ್‌ನಂಥ ಅನಿಲ ಹಾಯಿಸಿ ಬೋರಾನನ್ನು ಕ್ಲೋರೈಡ್ ಮಾಡಿ ಹಾರಿಸೋದು.

ಆರ್ಕ್ ಫರ್ನೇಸಿನ ಎಲೆಕ್ಟ್ರೋಡಿಗೆ ಟನ್ನಿಗೆ ಐದು ಗ್ರಾಂ ಬೋರಾನ್ ಇದ್ದರೆ ಯಾವ ಗಿರಾಕಿಯೂ ಕೇಳಲ್ಲ. ಕಾರ್ಖಾನೆಯವರ ಭಾಷೆಯಲ್ಲಿ ಅದು ಶುದ್ಧವೇ. ಇದನ್ನು ಮೊದಲೇ ಹಿಡಿದವರು ಸಿಲಾರ್ಡ್. ನ್ಯಾಷನಲ್ ಕಾರ್ಬನ್ ಕಂಪನಿಯವರ ಜೊತೆ ಕೂತು ‘ನಿಮ್ಮ ಶುದ್ಧ ಬೇರೆ, ನಮ್ಮ ಶುದ್ಧ ಬೇರೆ’ ಅಂತ ತಿಳಿಸಿ ಹೇಳಿದ್ದೇ ಅವರ ದೊಡ್ಡ ಕೊಡುಗೆ ಅಂತ ನನ್ನ ಅಭಿಪ್ರಾಯ.

ಕಡೇಬೆಂಚು
ಅಂದರೆ ಬೋಥೆಗೆ ಅಷ್ಟು ಸಣ್ಣ ವಿಷಯ ಹೊಳೀಲಿಲ್ಲ. ಒಬ್ಬ ಮನುಷ್ಯನ ತಪ್ಪಿಂದ ಇಡೀ ಯೋಜನೆ ಮಣ್ಣುಪಾಲು.

ಅರ್ಧಾಯುಷ್ಯ
ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ. ಬೋಥೆ ದಡ್ಡರಲ್ಲ, 1954ರಲ್ಲಿ ನೊಬೆಲ್ ಪಡೆದವರು. ಅವರು ತಮ್ಮ ಮುಂದಿದ್ದ ಗ್ರಾಫೈಟನ್ನು ಅಳೆದರು, ಬಂದ ಅಂಕಿ ಕೆಟ್ಟದಾಗಿತ್ತು. ಬೋರಾನ್ ಕಾರಣ ಇರಬಹುದು ಅಂತ ವಿಲ್‌ಹೆಲ್ಮ್ ಹಾನ್ಲೆ ಅನ್ನೋ ಇನ್ನೊಬ್ಬ ಜರ್ಮನ್ ಭೌತವಿಜ್ಞಾನಿ ತೋರಿಸಿಕೊಟ್ಟಿದ್ದರು. ಸೇನೆಯ ಶಸ್ತ್ರಾಸ್ತ್ರ ಇಲಾಖೆ ಅಷ್ಟು ಶುದ್ಧ ಗ್ರಾಫೈಟಿಗೆ ಬೀಳೋ ಖರ್ಚನ್ನೂ ನಾರ್ವೆಯ ವೆಮೋರ್ಕ್‌ನಿಂದ ಬರೋ ಭಾರಜಲವನ್ನೂ ತೂಗಿ ನೋಡಿ ಭಾರಜಲಕ್ಕೆ ಒಲಿಯಿತು. ವೆಮೋರ್ಕ್ ಸ್ಥಾವರ ಆಗ ಅವರ ಕೈಯಲ್ಲೇ ಇತ್ತು, ಆ ಲೆಕ್ಕ ಅವತ್ತಿಗೆ ಮೂರ್ಖತನವಲ್ಲ. ಆಮೇಲೆ ವಿಧ್ವಂಸಕ ದಾಳಿ, ಬಾಂಬು ಬಿದ್ದು ಪೂರೈಕೆ ಕಟ್ಟಾಯ್ತು.

ಇನ್ನೊಂದು ಮಾತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫರ್ಮಿ 1940ರಲ್ಲೇ ಗ್ರಾಫೈಟ್ ಅಳೆದು ಒಳ್ಳೆಯ ಅಂಕಿ ಪಡೆದಿದ್ದರು. ಸಿಲಾರ್ಡ್ ಹಟ ಹಿಡಿದು ಅದನ್ನು ಪ್ರಕಟವಾಗದಂತೆ ತಡೆದರು. ಅದು ಅಚ್ಚಾಗಿದ್ದರೆ ಬೋಥೆ ತಮ್ಮ ಅಳತೆಯನ್ನು ಮತ್ತೊಮ್ಮೆ ನೋಡಿಕೊಳ್ಳುತ್ತಿದ್ದರೋ ಏನೋ.

ಕಡೇಬೆಂಚು
ಸರಿ, ತೀರ್ಪು ವಾಪಸ್. ಆದರೆ ಜರ್ಮನ್ ಯೋಜನೆಯಲ್ಲಿದ್ದ ಹೈಸೆನ್‌ಬರ್ಗ್ ಬೇಕಂತಲೇ ನಿಧಾನ ಮಾಡಿದರು ಅಂತಾರಲ್ಲ?

ಲೆಕ್ಕದ_ಮೇಷ್ಟ್ರು
ಆ ಜಗಳ ಬೇರೆ ಕಡೆ ಆಡಿ ಮಾರಾಯ್ರೆ, ಇಲ್ಲಿ ಶುರುವಾದರೆ ಗ್ರಾಫೈಟ್ ಮರೆತೇಹೋಗುತ್ತೆ. ಜರ್ಮನರ ಕೊನೆಯ ಪ್ರಯತ್ನ ನಡೆದ ಹಾಯ್‌ಗರ್‌ಲಾಖ್ ಊರಿನ ಅಂಕಿ ಮಾತ್ರ ಹೇಳ್ತೀನಿ. 1945ರ ವಸಂತದಲ್ಲಿ ಬಂಡೆ ಕೊರೆದ ನೆಲಮಾಳಿಗೆಯಲ್ಲಿ 5 ಸೆಂಟಿಮೀಟರ್ ಬದಿಯ 664 ಯುರೇನಿಯಂ ಘನಗಳನ್ನು ತಂತಿಗೆ ಪೋಣಿಸಿ ಸುಮಾರು ಒಂದೂವರೆ ಟನ್ ಭಾರಜಲದಲ್ಲಿ ಇಳಿಬಿಟ್ಟರು. ಕ್ರಿಟಿಕಲ್ ಆಗಲಿಲ್ಲ. ಅದೇ ಜೋಡಣೆ ಇನ್ನೂ ಅರ್ಧದಷ್ಟು ದೊಡ್ಡದಿರಬೇಕಿತ್ತು. ತಮಾಷೆ ಅಂದರೆ, ಹೊರಹೋಗೋ ನ್ಯೂಟ್ರಾನನ್ನು ಒಳಕ್ಕೆ ತಿರುಗಿಸೋಕೆ ತೊಟ್ಟಿಯ ಸುತ್ತ ಅವರು ತುಂಬಿದ್ದು ಇದೇ ಗ್ರಾಫೈಟನ್ನು!

ಮಲೆನಾಡ_ಮಳೆ
ಬಾರ್ನ್ ಅಂದರೆ ದನದ ಕೊಟ್ಟಿಗೆ ತಾನೆ? ಆ ಹೆಸರು ಯಾಕೆ?

ಅರ್ಧಾಯುಷ್ಯ
ಯುದ್ಧಕಾಲದ ತಮಾಷೆ. ನ್ಯೂಟ್ರಾನಿನ ಲೆಕ್ಕದಲ್ಲಿ ಯುರೇನಿಯಂ ಬೀಜಕಣ ಕೊಟ್ಟಿಗೆಯಷ್ಟು ದೊಡ್ಡದು, ಕಣ್ಣುಮುಚ್ಚಿ ಎಸೆದರೂ ತಾಗುತ್ತೆ ಅಂತ. ಹೊರಗಿನವರಿಗೆ ಅರ್ಥ ಆಗದ ಗುಟ್ಟಿನ ಪದವಾಗಿಯೂ ಒದಗಿತು.

ಗಾರೆಕೆಲಸ
ಎರಡನೇ ಪ್ರಶ್ನೆ ಹಾಗೇ ಉಳೀತು. ಇದು ನಿಜವಾಗಿ ಗಾರೆ ಕೆಲಸದವರ ಪ್ರಶ್ನೆ, ಗಾರೆ ಮಾತ್ರ ಇಲ್ಲ.

ಇಟ್ಟಿಗೆ 4⅛ ಇಂಚು ಚೌಕ, 16½ ಇಂಚು ಉದ್ದ. ಒಂದು ವರಸೆ ಪೂರ್ತಿ ಬರೀ ಗ್ರಾಫೈಟ್. ಅದರ ಮೇಲಿನ ವರಸೆಯ ಇಟ್ಟಿಗೆಗಳಲ್ಲಿ 3¼ ಇಂಚಿನ ಎರಡೆರಡು ಕುಳಿ, ಕುಳಿಯಲ್ಲಿ ಯುರೇನಿಯಂ ಉಂಡೆ. ಹೀಗೆ ಒಂದು ಬಿಟ್ಟು ಒಂದು ಹೋದರೆ ಉಂಡೆಯಿಂದ ಉಂಡೆಗೆ ಎಲ್ಲ ದಿಕ್ಕಿನಲ್ಲೂ 8¼ ಇಂಚಿನ ಅಂತರ ತಾನಾಗೇ ಕೂರುತ್ತೆ. ಯುರೇನಿಯಮ್ಮನ್ನು ಪುಡಿ ಮಾಡಿ ಗ್ರಾಫೈಟಿಗೆ ಬೆರೆಸದೆ ಉಂಡೆ ಕಟ್ಟಿದ್ದು ಯಾಕೆಂದರೆ, ನ್ಯೂಟ್ರಾನ್ ನಿಧಾನ ಆಗ್ತಾ ಬರುವಾಗ ನಡುವೆ ಕೆಲವು ವೇಗಗಳಲ್ಲಿ ಉಳಿದ ಯುರೇನಿಯಂ-238 ಅದನ್ನು ಗಬಕ್ಕನೆ ನುಂಗುತ್ತೆ. ಆ ಹಂತವನ್ನು ಗ್ರಾಫೈಟಿನೊಳಗೇ ದಾಟಿಸಿ, ಪೂರ್ತಿ ಮಂದವಾದ ಮೇಲೆ ಉಂಡೆಗೆ ಸೇರಿಸಬೇಕು.

ಗ್ರಾಫೈಟ್ ಕೊರೆದಿದ್ದು ಬಡಗಿಯ ಯಂತ್ರಗಳಲ್ಲಿ. ಕಪ್ಪು ಧೂಳು ಮೈಗೆಲ್ಲ, ನೆಲ ಎಣ್ಣೆ ಸುರಿದ ಹಾಗೆ ಜಾರುತ್ತೆ. ಆಕ್ಸೈಡ್ ಪುಡಿಯನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಅದುಮಿ ಉಂಡೆ ಮಾಡಿದರು. ಒಟ್ಟು ಗ್ರಾಫೈಟ್ ಸುಮಾರು 350 ಟನ್, ಆಕ್ಸೈಡ್ 40 ಟನ್ ಆಸುಪಾಸು, ಯುರೇನಿಯಂ ಲೋಹ 5 ಟನ್ ಚಿಲ್ಲರೆ. ಲೋಹ ಒಳ್ಳೆಯ ಸರಕು, ಅದನ್ನು ನಡುಮಧ್ಯಕ್ಕೆ ಇಟ್ಟರು, ಯಾಕೆಂದರೆ ಹೆಚ್ಚು ನ್ಯೂಟ್ರಾನ್ ಓಡಾಡೋದು ಅಲ್ಲಿ. ಸುತ್ತ ಮರದ ತೊಲೆಗಳ ಚೌಕಟ್ಟು.

ಲೆಕ್ಕದ_ಮೇಷ್ಟ್ರು
ಎಣಿಕೆಯ ಭಾಗ ನಾನು ಮುಂದುವರಿಸ್ತೀನಿ. ಯುರೇನಿಯಂ ತಾನೇತಾನಾಗಿ ಆಗಾಗ ಒಡೆದು ಒಂದಿಷ್ಟು ನ್ಯೂಟ್ರಾನ್ ಬಿಡ್ತಾ ಇರುತ್ತೆ. ಕ್ರಿಟಿಕಲ್ ಆಗದ ರಾಶಿ ಈ ಬಿಡಿ ನ್ಯೂಟ್ರಾನುಗಳನ್ನು ಒಂದಷ್ಟು ಪಟ್ಟು ಹೆಚ್ಚಿಸಿ ತೋರಿಸುತ್ತೆ. ಕ್ರಿಟಿಕಲ್ ಹತ್ತಿರ ಬಂದಷ್ಟೂ ಆ ಪಟ್ಟು ಏರುತ್ತಾ ಅನಂತದ ಕಡೆ ಓಡುತ್ತೆ. ಅನಂತವನ್ನು ಗ್ರಾಫ್ ಹಾಳೆ ಮೇಲೆ ಗುರುತು ಹಾಕೋಕಾಗಲ್ಲ, ಆದರೆ ಅದರ ವಿಲೋಮ ಸೊನ್ನೆಗೆ ಇಳಿಯುತ್ತಲ್ಲ, ಅದನ್ನು ಹಾಕಬಹುದು.

ಕೆಲಸದ ಕ್ರಮ ಇಷ್ಟು. ಹೊಸ ವರಸೆ ಇಡುವಾಗ ನ್ಯೂಟ್ರಾನ್ ನುಂಗೋ ಕ್ಯಾಡ್ಮಿಯಂ ಪಟ್ಟಿಗಳೆಲ್ಲ ಒಳಗೆ. ಪಟ್ಟಿ ಅಂದರೆ ಮರದ ರೀಪಿಗೆ ಮೊಳೆ ಹೊಡೆದ ಕ್ಯಾಡ್ಮಿಯಂ ತಗಡು, ಅದಕ್ಕೆ ಬೀಗ. ಪಾಳಿ ಮುಗಿದ ಮೇಲೆ ಬೀಗ ತೆಗೆದು, ಪಟ್ಟಿ ಹೊರಗೆಳೆದು, ಒಂದೇ ಜಾಗದಲ್ಲಿಟ್ಟ ಬೋರಾನ್ ಟ್ರೈಫ್ಲೋರೈಡ್ ಕೌಂಟರಿನಲ್ಲಿ ನ್ಯೂಟ್ರಾನ್ ಎಣಿಸು, ಪಟ್ಟಿ ವಾಪಸ್ ಹಾಕಿ ಬೀಗ ಜಡಿ. ರಾಶಿಯ ಗಾತ್ರದ ವರ್ಗವನ್ನು ಆ ಎಣಿಕೆಯಿಂದ ಭಾಗಿಸಿ ಚುಕ್ಕೆ ಇಡು. ಹತ್ತಿಪ್ಪತ್ತು ವರಸೆ ಆದಮೇಲೆ ಚುಕ್ಕೆಗಳು ಒಂದು ಗೆರೆಯಲ್ಲಿ ಇಳಿಯೋದು ಕಾಣುತ್ತೆ. ಆ ಗೆರೆಯನ್ನು ಮುಂದಕ್ಕೆ ಎಳೆದರೆ ಸೊನ್ನೆಗೆ ಮುಟ್ಟಿದ್ದು 56 ಮತ್ತು 57ನೇ ವರಸೆಯ ನಡುವೆ. ಡಿಸೆಂಬರ್ 1ರ ರಾತ್ರಿ ಹರ್ಬರ್ಟ್ ಆಂಡರ್ಸನ್ ಪಾಳಿಯಲ್ಲಿ 57ನೇದು ಮುಗೀತು, ಪಟ್ಟಿಗಳಿಗೆ ಬೀಗ ಬಿತ್ತು, ಎಲ್ಲರೂ ಬೆಳಿಗ್ಗೆವರೆಗೆ ಕಾದರು. ಹಾಗಾಗಿ ‘ತಾನಾಗೇ ಶುರುವಾದರೆ’ ಅನ್ನೋ ಭಯಕ್ಕೆ ಜಾಗವೇ ಇರಲಿಲ್ಲ.

ಗಾರೆಕೆಲಸ
ಗೋಳ ಕಟ್ಟೋಕೆ ಹೊರಟಿದ್ದರು. ಕೊನೆಗೆ ಬಂದ ಸರಕು ನಿರೀಕ್ಷೆಗಿಂತ ಚೆನ್ನಾಗಿದ್ದರಿಂದ ಮೇಲಿನ ಒಂದಷ್ಟು ವರಸೆ ಬೇಕೇ ಆಗಲಿಲ್ಲ. ಅದಕ್ಕೇ ಚಿತ್ರದಲ್ಲಿ ರಾಶಿಯ ತಲೆ ಚಪ್ಪಟೆ, ಅಗಲ ಹೆಚ್ಚುಕಡಿಮೆ 25 ಅಡಿ, ಎತ್ತರ 20.

ಬಲೂನುಬಟ್ಟೆ
ಗುಡ್‌ಇಯರ್ ಕಂಪನಿಯಿಂದ ತರಿಸಿದ ಚೌಕಾಕಾರದ ಬಲೂನನ್ನು ಯಾರೂ ಹೇಳಲೇ ಇಲ್ಲ! ಗ್ರಾಫೈಟಿನ ರಂಧ್ರಗಳಲ್ಲಿ ಗಾಳಿ, ಗಾಳಿಯಲ್ಲಿ ಸಾರಜನಕ, ಸಾರಜನಕದ್ದು 1.9 ಬಾರ್ನ್. ಮೇಷ್ಟ್ರ ದಾರಿಯಲ್ಲೇ ಲೆಕ್ಕ ಹಾಕಿದರೆ ಗ್ರಾಫೈಟ್ ನುಂಗೋದಕ್ಕೆ ಶೇ 5ರ ಆಸುಪಾಸು ಸೇರುತ್ತೆ. ಆ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬೋಣ ಅಂತ ರಾಶಿ ಪೂರ್ತಿ ಬಲೂನಿನೊಳಗೆ ಕಟ್ಟಿದರು. ಕೊನೆಗೆ ಅದರ ಅಗತ್ಯ ಬೀಳಲಿಲ್ಲ.

ಕಡೇಬೆಂಚು
ಕೊಡಲಿ ಹಿಡಿದು ನಿಂತಿದ್ದರಂತಲ್ಲ ಒಬ್ಬರು? ರಿಯಾಕ್ಟರನ್ನು ತುರ್ತಾಗಿ ನಿಲ್ಲಿಸೋದಕ್ಕೆ ಹೇಳೋ ‘ಸ್ಕ್ರ್ಯಾಮ್’ ಅನ್ನೋ ಪದ ಅದರಿಂದಲೇ ಬಂತಂತೆ.

ಅರ್ಧಾಯುಷ್ಯ
ಕೊಡಲಿ ಹೌದು. ನಾರ್ಮನ್ ಹಿಲ್‌ಬೆರಿ, ತುರ್ತಿನ ಕಡ್ಡಿಗೆ ಕಟ್ಟಿದ್ದ ಹಗ್ಗ ಕಡಿಯೋಕೆ. ಪದದ ವಿವರಣೆ ಮಾತ್ರ ಆಮೇಲೆ ಯಾರೋ ಅಕ್ಷರಕ್ಕೊಂದು ಪದ ಹೊಂದಿಸಿ ಹೆಣೆದದ್ದು. ‘ಜಾಗ ಖಾಲಿ ಮಾಡು’ ಅನ್ನೋ ಅರ್ಥದ ಬೀದಿಮಾತು ಅದು, ಮೊದಲಿಂದಲೇ ಇತ್ತು.

ಕೊಡಲಿಗಿಂತ ನನಗೆ ಮಜಾ ಅನ್ನಿಸೋದು ಊಟದ ಬಿಡುವು. ಬೆಳಿಗ್ಗೆ ಹನ್ನೊಂದೂವರೆ ಸುಮಾರಿಗೆ ಧಡ್ ಅಂತ ಸುರಕ್ಷತಾ ಕಡ್ಡಿ ಒಳಗೆ ಬಿತ್ತು. ಏನೂ ಕೆಟ್ಟಿರಲಿಲ್ಲ, ಸ್ವಯಂಚಾಲಿತ ಮಿತಿಯನ್ನು ತೀರಾ ಕೆಳಗಿಟ್ಟಿದ್ದರು, ಅಷ್ಟೇ. ಫರ್ಮಿ ಎಲ್ಲರನ್ನೂ ಊಟಕ್ಕೆ ಕಳಿಸಿದರು. ಮಧ್ಯಾಹ್ನ 3:25ಕ್ಕೆ ಜಾರ್ಜ್ ವೈಲ್ ಕೊನೆಯ ಕಡ್ಡಿಯನ್ನು ಎಳೆದ ಮೇಲೆ ಎಣಿಕೆ ನಿಲ್ಲದೆ ಏರಿತು. ಶಕ್ತಿ ಅರ್ಧ ವ್ಯಾಟ್.

ಹಳೇಬಾಯ್ಲರ್
ಅರ್ಧ ವ್ಯಾಟ್‌ಗೆ ಟಾರ್ಚ್ ಬಲ್ಬ್ ಹತ್ತುತ್ತೆ. ಇದಕ್ಕೆ ಕೊಡಲಿ, ಹಗ್ಗ, ಮೇಲೆ ನಿಂತು ಕ್ಯಾಡ್ಮಿಯಂ ದ್ರಾವಣ ಸುರಿಯೋಕೆ ಮೂರು ಜನ ಬೇರೆ!

ಲೆಕ್ಕದ_ಮೇಷ್ಟ್ರು
ಅರ್ಧ ವ್ಯಾಟ್‌ಗೆ ನಿಂತದ್ದು ಅವರು ನಿಲ್ಲಿಸಿದ್ದರಿಂದ ಸ್ವಾಮಿ. ಕೆ ಅಂಕಿ, ಅಂದರೆ ಆ ಗಾತ್ರದ ರಾಶಿಯಲ್ಲಿ ಒಂದು ತಲೆಮಾರಿನ ನ್ಯೂಟ್ರಾನಿಗೆ ಮುಂದಿನ ತಲೆಮಾರಿನಲ್ಲಿ ಸಿಗೋದು, 1.0006 ಇತ್ತು. ಒಂದು ತಲೆಮಾರಿನ ಆಯಸ್ಸು ಸಾವಿರದಲ್ಲೊಂದು ಸೆಕೆಂಡು ಅಂತ ಹಿಡಿದರೆ ಎರಡು ಸೆಕೆಂಡಿನೊಳಗೆ ಶಕ್ತಿ ದುಪ್ಪಟ್ಟಾಗಬೇಕಿತ್ತು, ಕೈಯಲ್ಲಿ ಕಡ್ಡಿ ತಳ್ಳೋರ ಗತಿ ಮುಗೀತು. ಕಾಪಾಡಿದ್ದು ತಡವಾಗಿ ಬರೋ ನ್ಯೂಟ್ರಾನುಗಳು. 235 ಒಡೆದಾಗ ಬರೋ ನ್ಯೂಟ್ರಾನುಗಳಲ್ಲಿ ಶೇ 0.65 ಮಾತ್ರ ಸೆಕೆಂಡುಗಳಷ್ಟು ತಡವಾಗಿ, ಒಡೆದ ಚೂರುಗಳಿಂದ ಬರುತ್ತವೆ. ಹೆಚ್ಚುವರಿ ಶೇ 0.06 ಆ ಶೇ 0.65ಕ್ಕಿಂತ ಕಡಿಮೆ ಇರೋತನಕ ಇಡೀ ರಾಶಿ ಈ ಸೋಮಾರಿಗಳಿಗಾಗಿ ಕಾಯಲೇಬೇಕು. ಆದ್ದರಿಂದ ದುಪ್ಪಟ್ಟಾಗೋಕೆ ಒಂದೂವರೆ ನಿಮಿಷದ ಆಸುಪಾಸು.

ಸೀಸದಕಡ್ಡಿ
ಇಬ್ಬರಿಗೂ ಥ್ಯಾಂಕ್ಸ್, ಗ್ರಾಫ್ ವಿಷಯ ಈಗ ತಲೆಗೆ ಹೋಯ್ತು. ಗ್ರಾಫೈಟಿಗೆ ಇಷ್ಟು ಮಡಿ ಮಾಡಿದವರು ಯುರೇನಿಯಮ್ಮಿಗೆ ಮಾಡಲಿಲ್ಲವಾ?

ಕೋಕ್‌ಭಟ್ಟಿ
ಮಾಡಿದರು, ಅಪಾಯದ ಮಡಿ. ಸೇಂಟ್ ಲೂಯಿಸ್‌ನ ಮ್ಯಾಲಿಂಕ್ರಾಟ್ ಕಾರ್ಖಾನೆ ಅದಿರನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಯುರೇನಿಲ್ ನೈಟ್ರೇಟನ್ನು ಈಥರಿಗೆ ಇಳಿಸಿಕೊಳ್ತಿತ್ತು. ಕಲ್ಮಶ ನೀರಿನಲ್ಲೇ ಉಳಿಯುತ್ತೆ. ಈಥರ್ ಒಂದು ಕಿಡಿಗೆ ಸಿಡಿಯೋ ವಸ್ತು, ಅದನ್ನು ಟನ್‌ಗಟ್ಟಲೆ ನಡೆಸಿದ್ದಾರೆ. ಲೋಹ ಮಾಡೋ ಕೆಲಸ ಅಯೋವಾದ ಏಮ್ಸ್‌ನಲ್ಲಿ ಸ್ಪೆಡಿಂಗ್ ತಂಡದ್ದು. ಯುರೇನಿಯಂ ಟೆಟ್ರಾಫ್ಲೋರೈಡಿಗೆ ಮೊದಲು ಕ್ಯಾಲ್ಸಿಯಂ, ಆಮೇಲೆ ಅಗ್ಗದ ಮೆಗ್ನೀಷಿಯಂ ಬೆರೆಸಿ, ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಕಾಯಿಸಿದರೆ ಯುರೇನಿಯಂ ತಳಕ್ಕೆ ಇಳಿಯುತ್ತೆ, ಗಸಿ ಮೇಲೆ ತೇಲುತ್ತೆ.

ಕೈಗಾದಾರಿ
ಬೋರಾನ್ ಹೊರಗಿಂದ ಬಂದ ಕಳ್ಳ, ಬಾಗಿಲಲ್ಲೇ ಹಿಡಿಯಬಹುದು. ಒಳಗೇ ಹುಟ್ಟೋ ಕಳ್ಳನ ಬಗ್ಗೆ ಮಾತಾಡಿ. 1944ರ ಸೆಪ್ಟೆಂಬರ್ 26ರ ರಾತ್ರಿ ಅಮೆರಿಕದಲ್ಲಿ ಪ್ಲುಟೋನಿಯಂ ಮಾಡೋಕೆ ಕಟ್ಟಿದ ಹ್ಯಾನ್‌ಫರ್ಡ್‌ನ ಬಿ ರಿಯಾಕ್ಟರ್ ಶುರುವಾಯ್ತು, 250 ಮೆಗಾವ್ಯಾಟ್ ವಿನ್ಯಾಸದ್ದು. 9 ಮೆಗಾವ್ಯಾಟ್‌ಗೆ ಏರಿಸಿ ಹಿಡಿದರೆ ತಾನಾಗೇ ಕುಗ್ಗೋಕೆ ಶುರು. ಕಡ್ಡಿ ಎಳೆದಷ್ಟೂ ಕುಗ್ಗುತ್ತೆ. 27ರ ಸಂಜೆಗೆ ಪೂರ್ತಿ ಸತ್ತಿತು, ಮರುದಿನ ತಾನಾಗೇ ಎದ್ದಿತು, ಮತ್ತೆ ಮಲಗಿತು.

ನೀರು ಸೋರಿದ್ದರೆ ಹೀಗೆ ಗಡಿಯಾರ ಇಟ್ಟ ಹಾಗೆ ಚೇತರಿಸಿಕೊಳ್ಳೋದಿಲ್ಲ. ಜಾನ್ ವ್ಹೀಲರ್ ಆ ಸಮಯಗಳನ್ನು ನೋಡಿ ಹಿಡಿದರು: ವಿದಳನದಿಂದ ಅಯೋಡಿನ್-135 ಹುಟ್ಟುತ್ತೆ, ಅರ್ಧಾಯುಷ್ಯ ಆರೂವರೆ ಗಂಟೆ. ಅದು ಕ್ಸೆನಾನ್-135 ಆಗುತ್ತೆ, ಅದರದ್ದು ಒಂಬತ್ತು ಗಂಟೆ. ಈ ಕ್ಸೆನಾನಿನ ಹಸಿವು 26 ಲಕ್ಷ ಬಾರ್ನ್! ಮೇಷ್ಟ್ರ ಬೋರಾನ್ ಅದರ ಮುಂದೆ ಉಪವಾಸದ ಸನ್ಯಾಸಿ.

ಗಾರೆಕೆಲಸ
ಅದನ್ನು ಪಾರು ಮಾಡಿದ್ದು ಆ ರಿಯಾಕ್ಟರ್ ಕಟ್ಟಿದ ಡುಪಾಂಟ್ ಕಂಪನಿಯ ಎಂಜಿನಿಯರುಗಳ ಜಿಪುಣತನವಿಲ್ಲದ ಬುದ್ಧಿ. ಭೌತವಿಜ್ಞಾನಿಗಳ ನಕ್ಷೆಯಲ್ಲಿ 1,500 ಕೊಳವೆ ಇತ್ತು, ವೃತ್ತಾಕಾರದಲ್ಲಿ. ಚೌಕದ ಮೂಲೆಗಳನ್ನೂ ತುಂಬಿ ಅಂತ ಇನ್ನೂ 504 ಸೇರಿಸಿ 2,004 ಮಾಡಿಸಿದರು. ದುಂದುವೆಚ್ಚ ಅಂತ ವಿಜ್ಞಾನಿಗಳು ಗೊಣಗಿದ್ದೂ ಇದೆ. ಕ್ಸೆನಾನ್ ನುಂಗಿದ್ದನ್ನು ತುಂಬಿಸಿಕೊಟ್ಟಿದ್ದು ಆ ಮೂಲೆಗಳಿಗೆ ಹಾಕಿದ ಯುರೇನಿಯಮ್ಮೇ.

ಮಲೆನಾಡ_ಮಳೆ
ಓಕ್ ರಿಡ್ಜ್‌ನ ಎಕ್ಸ್-10 ರಿಯಾಕ್ಟರ್ ಒಂದು ವರ್ಷ ಮೊದಲೇ ಓಡ್ತಿತ್ತಲ್ಲ, ಅಲ್ಲಿ ಯಾಕೆ ಕಾಣಲಿಲ್ಲ?

ಕೈಗಾದಾರಿ
ಅದು ಗಾಳಿಯಿಂದ ತಣಿಯೋ ಸಣ್ಣ ಶಕ್ತಿಯದು, ನ್ಯೂಟ್ರಾನ್ ದಟ್ಟಣೆ ಕಡಿಮೆ, ಪರಿಣಾಮ ಕಣ್ಣಿಗೆ ಬೀಳುವಷ್ಟಿರಲಿಲ್ಲ. ಹ್ಯಾನ್‌ಫರ್ಡ್ ಸುದ್ದಿ ಮುಟ್ಟಿದ ಮೇಲೆ ವಾಲ್ಟರ್ ಜಿನ್ ಶಿಕಾಗೋ ಹೊರಗಿನ ಆರ್ಗಾನ್ ಪ್ರಯೋಗಾಲಯದಲ್ಲಿ ಭಾರಜಲದ ಸಿಪಿ-3 ರಿಯಾಕ್ಟರನ್ನು ಬಿಡದೆ ಗಂಟೆಗಟ್ಟಲೆ ಪೂರ್ತಿ ಶಕ್ತಿಯಲ್ಲಿ ಓಡಿಸಿ ಅದೇ ಕುಗ್ಗುವಿಕೆ ಕಂಡರು.

ಇವತ್ತಿಗೂ ಇದೇ ಕಥೆ. ಕೈಗಾದಂಥ ಭಾರಜಲದ ರಿಯಾಕ್ಟರ್ ಪೂರ್ತಿ ಶಕ್ತಿಯಿಂದ ದಿಢೀರ್ ನಿಂತರೆ ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸಬೇಕು. ತಪ್ಪಿತೋ, ಕೂಡಿಟ್ಟ ಅಯೋಡಿನ್ ಎಲ್ಲ ಕ್ಸೆನಾನ್ ಆಗಿ ಒಂದೂವರೆ ದಿನದಷ್ಟು ಕಾಯಬೇಕು. ಕಾಯೋದು ಬಿಟ್ಟರೆ ಔಷಧಿ ಇಲ್ಲ.

ಕಡೇಬೆಂಚು
ಗ್ರಾಫೈಟ್ ಇಷ್ಟು ಒಳ್ಳೇದಾದರೆ ಬ್ರಿಟನ್ನಿನ ವಿಂಡ್‌ಸ್ಕೇಲ್ ರಿಯಾಕ್ಟರಿನಲ್ಲಿ ಯಾಕೆ ಹೊತ್ತಿ ಉರಿಯಿತು?

ಕೋಕ್‌ಭಟ್ಟಿ
ಹೊತ್ತಿದ್ದು ಹೆಚ್ಚಾಗಿ ಯುರೇನಿಯಂ ಕಡ್ಡಿ ಮತ್ತು ಒಳಗಿಟ್ಟಿದ್ದ ಬೇರೆ ಡಬ್ಬಿಗಳು. ಮೂಲ ಕಾರಣ ಮಾತ್ರ ಗ್ರಾಫೈಟೇ. ವೇಗದ ನ್ಯೂಟ್ರಾನ್ ಬಡಿದು ಇಂಗಾಲದ ಪರಮಾಣು ಜಾಗ ಬಿಟ್ಟು ಸರಿಯುತ್ತೆ, ಸ್ಪ್ರಿಂಗ್ ಅದುಮಿದ ಹಾಗೆ ಶಕ್ತಿ ಕೂಡಿಟ್ಟುಕೊಳ್ಳುತ್ತೆ. ಇದನ್ನು ಮುಂಚೆಯೇ ಹೇಳಿದವರು ಭೌತವಿಜ್ಞಾನಿ ವಿಗ್ನರ್. ಗ್ರಾಫೈಟ್ ಬಿಸಿಯಾಗಿ ಓಡಿದರೆ ಪರಮಾಣುಗಳು ಆಗಿಂದಾಗ್ಗೆ ವಾಪಸ್ ಕೂರುತ್ತವೆ. ವಿಂಡ್‌ಸ್ಕೇಲ್‌ನಲ್ಲಿ ಹೊರಗಿನ ತಣ್ಣನೆ ಗಾಳಿಯನ್ನೇ ನೇರ ಊದುತ್ತಿದ್ದರಿಂದ ಗ್ರಾಫೈಟ್ ತಣ್ಣಗಿದ್ದು ಸಾಲ ಏರುತ್ತಾ ಹೋಯ್ತು.

ಸಾಲ ತೀರಿಸೋ ವಿಧಾನ: ಗಾಳಿ ನಿಲ್ಲಿಸಿ, ಸಣ್ಣ ಶಕ್ತಿಯಲ್ಲಿ ಓಡಿಸಿ ಗ್ರಾಫೈಟ್ ಕಾಯಿಸು. ಒಂದು ಮಟ್ಟ ದಾಟಿದರೆ ಕೂಡಿಟ್ಟ ಶಕ್ತಿ ತಾನೇ ಹೊರಬಂದು ಕಾವು ಹರಡುತ್ತೆ. 1957ರ ಅಕ್ಟೋಬರಿನದು ಒಂಬತ್ತನೇ ಸಲ. ಕಾವು ಹರಡುತ್ತಿಲ್ಲ ಅನ್ನಿಸಿ 8ರಂದು ಎರಡನೇ ಸಲ ಕಾಯಿಸಿದರು. ಬಿಸಿ ಅಳೆಯೋ ಥರ್ಮೋಕಪಲ್‌ಗಳು ಮಾಮೂಲಿ ಓಟದಲ್ಲಿ ಬಿಸಿ ಹೆಚ್ಚಿರೋ ಕಡೆ ಕೂತಿದ್ದವು, ಈ ಕೆಲಸದಲ್ಲಿ ಬಿಸಿ ಹೆಚ್ಚೋ ಜಾಗ ಬೇರೆ. ನೋಡ್ತಾ ಇದ್ದ ಕಡೆ ತಣ್ಣಗೆ, ನೋಡದ ಕಡೆ ಕೆಂಡ. 10ರಂದು ಮುಚ್ಚಳ ತೆಗೆದು ಇಣುಕಿದಾಗ ಕಡ್ಡಿಗಳು ಕೆಂಪಗಿದ್ದವು.

ಬಲೂನುಬಟ್ಟೆ
ನೀರಿನಿಂದ ಆರಿತು ಅಂತ ಎಲ್ಲರೂ ಬರೀತಾರೆ. 11ರ ಬೆಳಿಗ್ಗೆ ನೀರು ಬಿಟ್ಟರೂ ಬೆಂಕಿ ಜಗ್ಗಲಿಲ್ಲ. ಸ್ಥಾವರದ ಅಧಿಕಾರಿ ಟಾಮ್ ಟೂಯಿ ಗಾಳಿಯ ಫ್ಯಾನುಗಳನ್ನು ನಿಲ್ಲಿಸಿದಾಗಲೇ ಬೆಂಕಿ ಉಸಿರುಗಟ್ಟಿದ್ದು. ಭೌತವಿಜ್ಞಾನಿ ಕಾಕ್‌ಕ್ರಾಫ್ಟ್ ಹಟ ಮಾಡಿ ಚಿಮಣಿ ತುದಿಗೆ ಹಾಕಿಸಿದ್ದ ಫಿಲ್ಟರು ಕಣಗಳ ಬಹುಭಾಗ ತಡೆಯಿತು. ಅಯೋಡಿನ್-131 ಮಾತ್ರ ಸಾಕಷ್ಟು ನುಸುಳಿ ಹುಲ್ಲಿಗೆ, ಹುಲ್ಲಿಂದ ಹಾಲಿಗೆ. ಸುಮಾರು 500 ಚದರ ಕಿಲೋಮೀಟರಿನ ಹಾಲು ಚೆಲ್ಲಿಸಿದರು.

ತುಮಕೂರು_ಟಪಾಲು
ವಿಷಯ ಬಿಟ್ಟು ಹೋಗ್ತಿದ್ದೀನಿ, ಬೈಬೇಡಿ. 1956ರ ಆಗಸ್ಟ್ 4ಕ್ಕೆ ಟ್ರಾಂಬೆಯಲ್ಲಿ ಏಷ್ಯಾದ ಮೊದಲ ರಿಯಾಕ್ಟರ್ ಅಪ್ಸರಾ ಶುರುವಾಯ್ತು, ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಆ ತಂಡದಲ್ಲಿದ್ದರು. ಅವರೂ ಈ ಗ್ರಾಫೈಟ್ ಪಾಡು ಪಟ್ಟರಾ?

ಅರ್ಧಾಯುಷ್ಯ
ತಿದ್ದುಪಡಿ: ಸೋವಿಯತ್ ನೆಲ ಬಿಟ್ಟರೆ ಏಷ್ಯಾದ ಮೊದಲನೆಯದು. ಉರಲ್ ಪರ್ವತದ ಪೂರ್ವಕ್ಕೆ 1948ರಲ್ಲೇ ಪ್ಲುಟೋನಿಯಂ ರಿಯಾಕ್ಟರ್ ಓಡ್ತಿತ್ತು.

ಗ್ರಾಫೈಟ್ ಪಾಡು ಅಪ್ಸರಾಗೆ ಬೀಳಲಿಲ್ಲ. ಅದು ಈಜುಕೊಳದ ಮಾದರಿ: 8.4 ಮೀಟರ್ ಉದ್ದ, 2.9 ಅಗಲ, 8 ಆಳದ ತೊಟ್ಟಿ, ಖನಿಜ ತೆಗೆದ ಮಾಮೂಲಿ ನೀರು. ನ್ಯೂಟ್ರಾನ್ ನಿಧಾನ ಮಾಡೋದು, ತಣಿಸೋದು, ವಿಕಿರಣ ತಡೆಯೋದು ಮೂರಕ್ಕೂ ಅದೇ ನೀರು. ಆದರೆ ನೀರಿನ ಹೈಡ್ರೋಜನ್ 0.33 ಬಾರ್ನ್, ಇಂಗಾಲದ ನೂರು ಪಟ್ಟು ಹತ್ತಿರ. ಸಹಜ ಯುರೇನಿಯಮ್ಮಿನಲ್ಲಿ ಅದು ನಡೆಯೋದೇ ಇಲ್ಲ. ಹಾಗಾಗಿ 235 ಹೆಚ್ಚಿಸಿದ, ಅಲ್ಯುಮಿನಿಯಂ ಬೆರೆಸಿದ ಇಂಧನ ತಟ್ಟೆಗಳನ್ನು ಬ್ರಿಟನ್ನಿಂದ ತಂದರು. ಶುದ್ಧಿಯ ತಲೆನೋವನ್ನು ಇಂಧನದ ಕಡೆಗೆ ದಾಟಿಸಿದ ಹಾಗೆ. ಉಳಿದದ್ದೆಲ್ಲ ಇಲ್ಲೇ ಕಟ್ಟಿದ್ದು.

ತುಮಕೂರು_ಟಪಾಲು
ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾಗಿದ್ದೂ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲೇ, ಅದೇ ವರ್ಷ ಮುಂಬೈಗೆ ಹೋಯ್ತು. ಇಷ್ಟು ಹೇಳಿ ಸುಮ್ಮನಾಗ್ತೀನಿ.

ಸೀಸದಕಡ್ಡಿ
ಕೊನೇದೊಂದು. ಸಿಪಿ-1ರ ಆ ಇಟ್ಟಿಗೆಗಳು ಈಗೆಲ್ಲಿ?

ಗಾರೆಕೆಲಸ
ಮೂರು ತಿಂಗಳೂ ಅಲ್ಲಿರಲಿಲ್ಲ. ಊರ ಮಧ್ಯೆ, ರಕ್ಷಣೆಗೆ ಗೋಡೆ ಇಲ್ಲದ ರಾಶಿ, ಹೆಚ್ಚು ಶಕ್ತಿಗೆ ಏರಿಸುವಂತಿಲ್ಲ. 1943ರ ಫೆಬ್ರವರಿಯಲ್ಲಿ ಬಿಚ್ಚಿ ಊರಾಚೆ ಆರ್ಗಾನ್ ಕಾಡಿಗೆ ಸಾಗಿಸಿದರು. ಅದೇ ಇಟ್ಟಿಗೆಗಳನ್ನು ಕಾಂಕ್ರೀಟ್ ಗೋಡೆಯೊಳಗೆ ಮತ್ತೆ ಪೇರಿಸಿ ಸಿಪಿ-2 ಮಾಡಿದರು. 1954ರವರೆಗೆ ಓಡಿತು, ಆಮೇಲೆ ಅಲ್ಲೇ ಹೂತರು. ಒಂದಷ್ಟು ಇಟ್ಟಿಗೆ ಮಾತ್ರ ವಸ್ತುಸಂಗ್ರಹಾಲಯಗಳಲ್ಲಿವೆ.

ಹಳೇಬಾಯ್ಲರ್
ಬಿಚ್ಚಿ ಮತ್ತೆ ಕಟ್ಟೋಕೆ ಬಂದಿದ್ದೂ ಗಾರೆ ಹಾಕದೇ ಇದ್ದದ್ದಕ್ಕೆ, ಅಲ್ವಾ?

ಗಾರೆಕೆಲಸ
ಗಾರೆ ಹಾಕಿದ್ದರೆ ಮೊದಲ ದಿನವೇ ಹೊತ್ತಿಕೊಳ್ತಿರಲಿಲ್ಲ. ಅದರಲ್ಲಿ ಎಷ್ಟು ಬೋರಾನ್ ಇರುತ್ತೋ ಮೇಷ್ಟ್ರನ್ನೇ ಕೇಳಿ.